ರೋಬೋ ಪ್ರಾಜೆಕ್ಟ್‌ಗೆ ಸಾಫ್ಟ್‌ವೇರ್: ಯಾವ್ದು ಕೈ ಹಿಡಿಯುತ್ತೆ, ಯಾವ್ದು ಕೈ ಕೊಡುತ್ತೆ

ಸ್ಟೂಡೆಂಟ್ ರೊಬೊಟಿಕ್ಸ್ ಟೀಮ್‌ಗಳು ಮೋಟರ್ ಎಷ್ಟು ಆರ್‌ಪಿಎಂದು ಬೇಕು, ಬ್ಯಾಟರಿ ಎಷ್ಟು ಹೊತ್ತು ಬರುತ್ತೆ, ಚಾಸಿಗೆ ಅಕ್ರಿಲಿಕ್ಕಾ ಅಲ್ಯುಮಿನಿಯಮ್ಮಾ ಅಂತ ವಾರಗಟ್ಟಲೆ ಜಗಳ ಆಡ್ತಾರೆ, ಸಾಫ್ಟ್‌ವೇರ್ ವಿಷ್ಯ ಬಂದಾಗ ಮಾತ್ರ ಸೀನಿಯರ್ ಯಾರೋ ಹೇಳಿದ್ದನ್ನೋ ವಿಡಿಯೋದಲ್ಲಿ ಮೊದಲು ಕಣ್ಣಿಗೆ ಬಿದ್ದಿದ್ದನ್ನೋ ಹಾಕ್ಕೊಂಡು ಶುರು ಹಚ್ಕೊಂಡ್ಬಿಡ್ತಾರೆ. ಆಮೇಲೆ ಎರಡು ಲೈಬ್ರರಿ (ಬೇರೆಯವರು ಬರೆದಿಟ್ಟ ರೆಡಿ ಕೋಡ್) ಒಂದಕ್ಕೊಂದು ಆಗಿಬರದೆ ಎಲ್ಲ ನಿಂತು ಹೋಗುತ್ತೆ, ಮೋಟರ್ ಪಾಪ ಸುಮ್ನೆ ಕೂತಿರುತ್ತೆ.

ನಾನು ಬಳಸಿರೋ, ಬೇರೆ ಟೀಮ್‌ಗಳು ಬಳಸೋದನ್ನ ಪಕ್ಕದಲ್ಲೇ ಕೂತು ನೋಡಿರೋ ಟೂಲ್‌ಗಳ ರಿವ್ಯೂ ಇದು. ಫೀಚರ್ ಲಿಸ್ಟ್ ನೋಡಿ ಮಾರ್ಕ್ಸ್ ಕೊಡಲ್ಲ. ನಾನು ನೋಡೋದು ಎರಡೇ: ಪಕ್ಕದಲ್ಲಿರೋ ಟೂಲ್ ಜೊತೆ ಅದರ ವರ್ಷನ್ ಹೊಂದುತ್ತಾ, ಮತ್ತೆ ಡೆಮೋ ಹಿಂದಿನ ರಾತ್ರಿ ರೋಬೋ ಅಲುಗಾಡದೆ ನಿಂತ್ಕೊಂಡ್ರೆ ಎಲ್ಲಿ ಕೆಟ್ಟಿದೆ ಅಂತ ಅದು ತೋರಿಸುತ್ತಾ. ಇವೆರಡೂ ಇಲ್ಲ ಅಂದ್ರೆ ಎಷ್ಟೇ ದೊಡ್ಡ ಹೆಸರಿನ ಟೂಲ್ ಆದ್ರೂ ನನಗೆ ಬೇಡ.

ಆರ್ಡುಯಿನೋ ಬೋರ್ಡ್‌ಗೆ ಕೋಡ್ ಬರೆದು ಹಾಕೋ ಆರ್ಡುಯಿನೋ ಐಡಿಇ ಇಂದ ಶುರು ಮಾಡೋಣ, ಎಲ್ಲರೂ ಅಲ್ಲಿಂದಲೇ ತಾನೇ ಶುರು ಮಾಡೋದು. 2022ರಲ್ಲಿ 2.0 ವರ್ಷನ್ ಬಂದ್ಮೇಲೆ ಇದು ಎಷ್ಟೋ ವಾಸಿ, ಟೈಪ್ ಮಾಡ್ತಾ ಹೋದ್ರೆ ಫಂಕ್ಷನ್ ಹೆಸರು ತಾನೇ ತೋರಿಸುತ್ತೆ, ಸೀರಿಯಲ್ ಪ್ಲಾಟರ್‌ನಲ್ಲಿ ಸೆನ್ಸರ್ ವ್ಯಾಲ್ಯೂ ಗ್ರಾಫ್ ಆಗಿ ಕಾಣುತ್ತೆ. ಲೈನ್ ಫಾಲೋವರ್, ಅಡ್ಡ ಬಂದಿದ್ದನ್ನ ತಪ್ಪಿಸ್ಕೊಂಡು ಓಡೋ ಕಾರು, ಫೋನಿಂದ ಬ್ಲೂಟೂತಲ್ಲಿ ಓಡಿಸೋ ರೋಬೋ, ಇಷ್ಟಕ್ಕೆಲ್ಲ ಇದೊಂದೇ ಸಾಕು, ಅದರ ಮೇಲೆ ಇನ್ನೇನೂ ಹೇರ್ಬೇಡಿ. ಎಷ್ಟೋ ಟೀಮ್‌ಗಳು ಪ್ರೆಸೆಂಟೇಷನ್ನಲ್ಲಿ ಚೆನ್ನಾಗಿ ಕಾಣ್ಲಿ ಅಂತ ಲೈನ್ ಫಾಲೋವರ್‌ಗೂ ರಾಸ್ (ದೊಡ್ಡ ರೋಬೋಗಳಿಗೆ ಬಳಸೋ ಸಾಫ್ಟ್‌ವೇರ್, ಮುಂದೆ ಹೇಳ್ತೀನಿ) ಹಾಕೋಕೆ ಹೋಗ್ತಾರೆ, ಯಾಕಪ್ಪಾ ಅಂತ ಕೇಳ್ಬೇಕು ಅನ್ಸುತ್ತೆ.

ಆದ್ರೆ ಆರ್ಡುಯಿನೋ ಊನೋ ಆರ್3 ಬೋರ್ಡ್‌ನಲ್ಲಿ ಲೈಬ್ರರಿ ಆರಿಸೋವಾಗ ಒಂದು ತಿಳ್ಕೊಂಡಿರ್ಬೇಕು, ಅದರಲ್ಲಿರೋ ಎಟಿಮೆಗಾ328ಪಿ ಚಿಪ್‌ಗೆ ರ್‍ಯಾಮ್ ಇರೋದು ಬರೀ 2 ಕೆಬಿ, ಟೈಮರ್‌ಗಳು ಮೂರೇ. ಲೈಬ್ರರಿಗಳು ಇವನ್ನೇ ಹಂಚ್ಕೊಂಡು ಬದುಕಬೇಕು, ಮತ್ತೆ ಅವು ಕಿತ್ತಾಡಿದ್ರೆ ಕಂಪೈಲರ್ ಒಂದು ಮಾತೂ ಹೇಳಲ್ಲ. ಉದಾಹರಣೆಗೆ ಸರ್ವೋ ಲೈಬ್ರರಿ ಸೇರಿಸಿದ ತಕ್ಷಣ 9 ಮತ್ತು 10ನೇ ಪಿನ್‌ಗಳಲ್ಲಿ ಪಿಡಬ್ಲ್ಯೂಎಂ (ಕರೆಂಟ್ ಬೇಗ ಬೇಗ ಆನ್-ಆಫ್ ಮಾಡಿ ಮೋಟರ್ ಸ್ಪೀಡ್ ಬದಲಾಯಿಸೋದು) ಕೆಲಸ ನಿಲ್ಲಿಸುತ್ತೆ, ಆ ಪಿನ್‌ಗೆ ಸರ್ವೋ ಹಾಕಿಲ್ಲದಿದ್ರೂ ಸರಿ, ಯಾಕಂದ್ರೆ ಟೈಮರ್ 1 ಪೂರ್ತಿ ಅದರ ಪಾಲಾಗಿರುತ್ತೆ. ಮೋಟರ್ ಡ್ರೈವರ್‌ನ ಎನೇಬಲ್ ವೈರು ಅಲ್ಲೇ ಚುಚ್ಚಿದ್ರೆ ನಿನ್ನೆವರೆಗೂ ಓಡ್ತಿದ್ದ ಚಕ್ರದ ಸ್ಪೀಡ್ ಕಂಟ್ರೋಲ್ ಇವತ್ತು ಹೋಗಿರುತ್ತೆ, ಟೀಮು ಡ್ರೈವರ್ ಬೋರ್ಡ್ ಸುಟ್ಟೋಯ್ತು ಅಂತ ಹೊಸದು ತರೋಕೆ ಹೊರಟಿರುತ್ತೆ. ಅದೇ ಥರ 128x64 ಓಎಲ್‌ಇಡಿ ಡಿಸ್‌ಪ್ಲೇಗೆ ಎಲ್ಲರೂ ಹಾಕೋ ಅಡಾಫ್ರೂಟ್ ಲೈಬ್ರರಿ ಚಿತ್ರ ಇಟ್ಕೊಳ್ಳೋಕೆ 1024 ಬೈಟ್ ತಗೊಳ್ಳುತ್ತೆ, ಅಂದ್ರೆ ಅರ್ಧ ರ್‍ಯಾಮ್, ಅದೂ ಪ್ರೋಗ್ರಾಂ ಓಡೋಕೆ ಶುರುವಾದ್ಮೇಲೆ ತಗೊಳ್ಳೋದ್ರಿಂದ ಕಂಪೈಲ್ ಮಾಡಿದಾಗ ತೋರಿಸೋ ಮೆಮೊರಿ ಲೆಕ್ಕದಲ್ಲಿ ಇದು ಇರೋದೇ ಇಲ್ಲ. ಅಲ್ಟ್ರಾಸಾನಿಕ್ ಸೆನ್ಸರ್ ಓದೋಕೆ ಬಳಸೋ ಪಲ್ಸ್‌ಇನ್ ಫಂಕ್ಷನ್ನು ಟೈಮೌಟ್ ಕೊಡದಿದ್ರೆ 1 ಸೆಕೆಂಡ್ ಕಾಯುತ್ತೆ, ಎಕೋ ವೈರು ಸಡಿಲ ಆಗಿದ್ರೆ ಅಷ್ಟು ಹೊತ್ತು ರೋಬೋ ಕಣ್ಣು ಮುಚ್ಕೊಂಡು ಓಡ್ತಿರುತ್ತೆ ಅಂತಲೇ ಅರ್ಥ. ಪ್ರೋಗ್ರಾಂನ ಅಲ್ಲೇ ನಿಲ್ಲಿಸೋ ಡಿಲೇ ಬಿಟ್ಟು ಸಮಯ ಹೇಳೋ ಮಿಲಿಸ್ ಬಳಸಿ ಅನ್ನೋದನ್ನ ಎಲ್ಲರೂ ಹೇಳ್ತಾರೆ, ಅದನ್ನ ಮತ್ತೆ ಬರೆಯಲ್ಲ.

ಪಿಐಡಿಗೆ (ಬೇಕಾದ ಸ್ಪೀಡು ಬಂದ ಸ್ಪೀಡು ಹೋಲಿಸಿ ಮೋಟರ್‌ನ ತಿದ್ದೋ ಲೆಕ್ಕ) ಲೈಬ್ರರಿ ಮ್ಯಾನೇಜರ್‌ನಲ್ಲಿ ಸಿಗೋ ಹಳೇ ಪಿಐಡಿ ಲೈಬ್ರರಿ ಇವತ್ತಿಗೂ ಒಳ್ಳೇದೇ, ಕೋಡ್ ಚಿಕ್ಕದು, ಕೂತು ಓದಿದ್ರೆ ಅರ್ಥ ಆಗುತ್ತೆ. ಆದ್ರೆ ಅದರ ಡಿಫಾಲ್ಟ್‌ಗಳು ಮೋಟರ್‌ಗೆ ಅಂತ ಇಟ್ಟಿದ್ದಲ್ಲ. ಸ್ಯಾಂಪಲ್ ಟೈಮ್ 100 ಮಿಲಿಸೆಕೆಂಡ್ ಇದೆ, ಬಿಸಿನೀರಿನ ಹೀಟರ್‌ಗೆ ಸರಿ, ಚಕ್ರದ ಸ್ಪೀಡ್‌ಗೆ ತೀರಾ ನಿಧಾನ. ಔಟ್‌ಪುಟ್ 0 ಇಂದ 255 ಮಾತ್ರ, ಹಾಗಾಗಿ ರಿವರ್ಸ್ ಹೋಗೋದೇ ಇಲ್ಲ, ನೀವು ಲಿಮಿಟ್ ಬದಲಾಯಿಸಿ ಮೈನಸ್ 255 ಕೊಡಬೇಕು. ಈ ಎರಡು ಸಾಲು ಬರೀದೆ ಪಿಐಡಿಯ ಕೆಪಿ ಕೆಐ ಕೆಡಿ ನಂಬರ್‌ಗಳನ್ನ ತಿರುಗಿಸ್ತಾ ಕೂತ್ರೆ ಜನ್ಮದಲ್ಲಿ ಟ್ಯೂನ್ ಆಗಲ್ಲ.

ಐಡಿಇ ಬಗ್ಗೆ ನನ್ನ ದೊಡ್ಡ ತಕರಾರು ಬೇರೆ, ಲೈಬ್ರರಿಗಳೆಲ್ಲ ಕಂಪ್ಯೂಟರ್‌ಗೆ ಸೇರಿರುತ್ತೆ, ಪ್ರಾಜೆಕ್ಟ್‌ಗಲ್ಲ. ನಾಲ್ಕು ಜನರ ಟೀಮಲ್ಲಿ ನಾಲ್ಕು ಲ್ಯಾಪ್‌ಟಾಪು, ನಾಲ್ಕರಲ್ಲೂ ಬೇರೆ ಬೇರೆ ವರ್ಷನ್, ಒಬ್ಬನ ಹತ್ರ ಕಂಪೈಲ್ ಆಗಿದ್ದು ಇನ್ನೊಬ್ಬಳ ಹತ್ರ ಆಗಲ್ಲ. ಇಲ್ಲಿ ಪ್ಲಾಟ್‌ಫಾರ್ಮ್‌ಐಓ ಗೆಲ್ಲುತ್ತೆ. ವಿಎಸ್ ಕೋಡ್ ಒಳಗೆ ಹಾಕ್ಕೊಳ್ಳೋದು, ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಒಂದು ಐಎನ್‌ಐ ಫೈಲ್ ಇರುತ್ತೆ, ಯಾವ ಬೋರ್ಡು, ಯಾವ ಲೈಬ್ರರಿ, ಯಾವ ವರ್ಷನ್ ಅಂತ ಅದರಲ್ಲೇ ಬರೆದ್ರೆ ಬೇರೆಯವರು ಗಿಟ್ಟಿಂದ (ಟೀಮ್ ಒಳಗೆ ಕೋಡ್ ಹಂಚ್ಕೊಳ್ಳೋ ಟೂಲ್) ಇಳಿಸ್ಕೊಂಡು ಬಿಲ್ಡ್ ಒತ್ತಿದ್ರೆ ಅದೇ ವರ್ಷನ್ ತಾನೇ ಬಂದು ಕೂತ್ಕೊಳ್ಳುತ್ತೆ. ಒಬ್ಬರೇ ಮಾಡೋ ಪ್ರಾಜೆಕ್ಟ್‌ಗೆ ಇದು ಜಾಸ್ತಿ ಅನ್ಸಬಹುದು, ಇಬ್ಬರಾದ್ರೆ ಕಣ್ಣು ಮುಚ್ಕೊಂಡು ಇದನ್ನೇ ತಗೊಳ್ಳಿ.

ಇದರಲ್ಲೂ ಒಂದು ಮುಳ್ಳಿದೆ, ಇಎಸ್‌ಪಿ32 (ವೈಫೈ ಇರೋ ಚಿಕ್ಕ ಬೋರ್ಡ್) ಬಳಸೋರಿಗೆ. ಇಎಸ್‌ಪಿ32ರ ಆರ್ಡುಯಿನೋ ಕೋರ್ (ಆರ್ಡುಯಿನೋ ಕೋಡ್ ಆ ಬೋರ್ಡ್ ಮೇಲೆ ಓಡೋಕೆ ಬೇಕಾದ ಸಾಫ್ಟ್‌ವೇರ್) 2024ರಲ್ಲಿ 3.0 ಆಯ್ತು, ಆಗ ಪಿಡಬ್ಲ್ಯೂಎಂ ಫಂಕ್ಷನ್‌ಗಳೇ ಬದಲಾದ್ವು, ಹಳೇ ಎಲ್‌ಇಡಿಸಿ ಸೆಟಪ್ ಮತ್ತೆ ಎಲ್‌ಇಡಿಸಿ ಅಟ್ಯಾಚ್ ಪಿನ್ ಎರಡನ್ನೂ ತೆಗೆದು ಒಂದೇ ಎಲ್‌ಇಡಿಸಿ ಅಟ್ಯಾಚ್ ಮಾಡಿದ್ರು. ಆರ್ಡುಯಿನೋ ಐಡಿಇ ಹೊಸ ಕೋರ್ ಹಾಕುತ್ತೆ, ಪ್ಲಾಟ್‌ಫಾರ್ಮ್‌ಐಓದ ಅಧಿಕೃತ ಇಎಸ್‌ಪಿ32 ಪ್ಯಾಕೇಜ್ 2.x ಕೋರ್‌ನಲ್ಲೇ ಉಳೀತು, ಹೊಸದು ಬೇಕು ಅಂದ್ರೆ ಪಯೋಆರ್ಡುಯಿನೋ ಅನ್ನೋ ಕಮ್ಯುನಿಟಿ ಫೋರ್ಕ್ ಹಾಕ್ಕೋಬೇಕು. ಅಂದ್ರೆ ಒಂದೇ ಮೋಟರ್ ಕೋಡು ಒಂದು ಕಡೆ ಕಂಪೈಲ್ ಆಗಿ ಇನ್ನೊಂದು ಕಡೆ ಎರರ್ ಕೊಡೋದು ಸಹಜ. ಟೀಮ್ ಪೂರ್ತಿ ಒಂದೇ ಕಡೆ ಇರಿ, ಅದು ಯಾವ ಕಡೆ ಅನ್ನೋದು ಆಮೇಲಿನ ಮಾತು.

ಬೋರ್ಡ್ ಆಗಿ ಇಎಸ್‌ಪಿ32 ನನಗೆ ತುಂಬ ಇಷ್ಟ, 240 ಮೆಗಾಹರ್ಟ್ಸ್, ಪ್ರೊಸೆಸರ್‌ಗೆ ಎರಡು ಕೋರ್, ವೈಫೈ ಒಳಗೇ ಇದೆ, ಫ್ರೀಆರ್‌ಟಿಓಎಸ್ (ಕೆಲಸಗಳನ್ನ ಹಂಚಿ ಓಡಿಸೋ ಪುಟ್ಟ ಓಎಸ್) ಮೊದಲೇ ಕೂತಿರೋದ್ರಿಂದ ಮೋಟರ್ ಕಂಟ್ರೋಲ್ ಒಂದು ಟಾಸ್ಕು, ವೈಫೈ ಮಾತುಕತೆ ಇನ್ನೊಂದು ಟಾಸ್ಕು ಅಂತ ಬೇರೆ ಮಾಡ್ಬಹುದು. ಎನ್‌ಕೋಡರ್ (ಚಕ್ರ ಎಷ್ಟು ತಿರುಗಿತು ಅಂತ ಹೇಳೋ ಸೆನ್ಸರ್) ಪಲ್ಸ್ ಎಣಿಸೋಕೆ ಅಂತಲೇ ಒಳಗೆ ಹಾರ್ಡ್‌ವೇರ್ ಕೌಂಟರ್ ಇದೆ, ಅದನ್ನ ಬಳಸೋ ಲೈಬ್ರರಿ ಹಾಕಿದ್ರೆ ಎಷ್ಟೇ ಜೋರಾಗಿ ಚಕ್ರ ತಿರುಗಿದ್ರೂ ಲೆಕ್ಕ ತಪ್ಪಲ್ಲ. ಒಂದೇ ಎಚ್ಚರ, ಮೂಲ ಇಎಸ್‌ಪಿ32ರಲ್ಲಿ ವೈಫೈ ಆನ್ ಇದ್ದಾಗ ಎಡಿಸಿ 2ರ (ವೋಲ್ಟೇಜ್ ಓದೋ ಎರಡನೇ ಭಾಗ) ಪಿನ್‌ಗಳಲ್ಲಿ ಅನಲಾಗ್ ಓದೋಕಾಗಲ್ಲ, ಐಆರ್ ಸೆನ್ಸರ್‌ಗಳನ್ನ ಎಡಿಸಿ 1ಕ್ಕೇ ಹಾಕಿ. ಲ್ಯಾಬಲ್ಲಿ ವೈಫೈ ಇಲ್ಲದೆ ಟೆಸ್ಟ್ ಮಾಡಿದಾಗ ಎಲ್ಲ ಸರಿ ಇದ್ದು, ಫೋನ್ ಕನೆಕ್ಟ್ ಮಾಡಿದ ಕೂಡಲೇ ಸೆನ್ಸರ್ ಹುಚ್ಚುಚ್ಚಾಗಿ ಆಡಿದ್ರೆ ಮೊದಲು ಇಲ್ಲೇ ನೋಡಿ.

ಮೈಕ್ರೋಪೈಥಾನ್ (ಚಿಕ್ಕ ಬೋರ್ಡ್ ಮೇಲೆ ಓಡೋ ಪೈಥಾನ್), ಜೊತೆಗೆ ಥೋನಿ ಎಡಿಟರ್. ಹೊಸ ಸೆನ್ಸರ್ ಬಂತು, ಅದು ಬದುಕಿದೆಯಾ ನೋಡ್ಬೇಕು, ಐ2ಸಿ (ಸೆನ್ಸರ್‌ಗಳನ್ನ ಎರಡು ವೈರಲ್ಲಿ ಮಾತಾಡಿಸೋ ರೀತಿ) ಅಡ್ರೆಸ್ ಏನು ತಿಳ್ಕೋಬೇಕು ಅಂದ್ರೆ ಇದರಷ್ಟು ಸಲೀಸು ಯಾವ್ದೂ ಇಲ್ಲ, ಒಂದು ಸಾಲು ಟೈಪ್ ಮಾಡಿ ಎಂಟರ್ ಹೊಡೆದ್ರೆ ಉತ್ತರ ಬರುತ್ತೆ, ಕಂಪೈಲ್ ಅಪ್‌ಲೋಡ್ ಅಂತ ಕಾಯೋದಿಲ್ಲ. ಬ್ಯಾಲೆನ್ಸ್ ಮಾಡೋ ರೋಬೋಗೆ ಮಾತ್ರ ಬೇಡ, ಮಧ್ಯೆ ಬೇಡದ ಮೆಮೊರಿ ಖಾಲಿ ಮಾಡೋ ಗಾರ್ಬೇಜ್ ಕಲೆಕ್ಷನ್‌ಗೆ ಅಂತ ನಿಂತ್ಕೊಳ್ಳುತ್ತೆ, ಅಷ್ಟರಲ್ಲಿ ರೋಬೋ ಮುಗ್ಗರಿಸಿರುತ್ತೆ.

ಇನ್ನು ರಾಸ್ಪ್‌ಬೆರಿ ಪೈ, ಅಂಗೈಯಗಲದ ಲಿನಕ್ಸ್ ಕಂಪ್ಯೂಟರ್. ಇಲ್ಲಿ ಹಳೇ ಟ್ಯುಟೋರಿಯಲ್‌ಗಳಿಂದ ಆಗೋ ಅನಾಹುತ ಬೇರೆಲ್ಲೂ ಆಗಲ್ಲ. ನೆಟ್ಟಲ್ಲಿರೋ ಎಷ್ಟೋ ಉದಾಹರಣೆಗಳು ಪಿನ್‌ಗಳನ್ನ ನಡೆಸೋ ಆರ್‌ಪಿಐ ಜಿಪಿಐಓ ಅನ್ನೋ ಲೈಬ್ರರಿ ಮೇಲಿವೆ, ಅದು ಪೈ 5ರಲ್ಲಿ ಓಡಲ್ಲ. ಪೈ 5ರಲ್ಲಿ ಪಿನ್‌ಗಳು ಮೇನ್ ಪ್ರೊಸೆಸರ್‌ಗೆ ನೇರ ಅಂಟ್ಕೊಂಡಿಲ್ಲ, ಆರ್‌ಪಿ1 ಅನ್ನೋ ಬೇರೆ ಚಿಪ್ ಮಧ್ಯೆ ಬಂದಿದೆ, ಹಾಗಾಗಿ ರಿಜಿಸ್ಟರ್‌ಗೆ ನೇರ ಕೈ ಹಾಕ್ತಿದ್ದ ಹಳೇ ಲೈಬ್ರರಿಗಳು ಕುರುಡಾದ್ವು, ಪಿಗ್‌ಪಿಯೋ ಕೂಡ ಅಷ್ಟೇ. ಜಿಪಿಐಓ ಝೀರೋ ಬಳಸಿ, ಅದು ಕೆಳಗೆ ಎಲ್‌ಜಿಪಿಐಓ ಇಟ್ಕೊಂಡು ಪೈ 4, ಪೈ 5 ಎರಡರಲ್ಲೂ ಒಂದೇ ಕೋಡ್ ಓಡಿಸುತ್ತೆ, ಓದೋಕೂ ಚೆಂದ. ಕ್ಯಾಮೆರಾಗೂ ಇದೇ ಕಥೆ, ಹಳೇ ಪೈಕ್ಯಾಮೆರಾ ಬಿಟ್ಟು ಪೈಕ್ಯಾಮೆರಾ 2 ಹಿಡೀಬೇಕು. ಬುಕ್‌ವರ್ಮ್ ಅನ್ನೋ ಪೈ ಓಎಸ್ ವರ್ಷನ್ ಬಂದ್ಮೇಲೆ ಪೈಥಾನ್ ಲೈಬ್ರರಿ ಹಾಕೋ ಪಿಪ್ ಇನ್‌ಸ್ಟಾಲ್ ಹೊಡೆದ್ರೆ ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಅಂತ ಬೈದು ವಾಪಸ್ ಕಳಿಸುತ್ತೆ, ಆಗ ಬ್ರೇಕ್ ಸಿಸ್ಟಮ್ ಪ್ಯಾಕೇಜಸ್ ಅಂತ ಒಂದು ಆಪ್ಷನ್ ಇದೆಯಲ್ಲ, ಹೆಸರಲ್ಲೇ ಬರೆದಿದೆ ಏನಾಗುತ್ತೆ ಅಂತ, ಆದ್ರೂ ಜನ ಅದನ್ನೇ ಹಾಕ್ತಾರೆ. ವರ್ಚುವಲ್ ಎನ್ವಿರಾನ್ಮೆಂಟ್ (ಪ್ರಾಜೆಕ್ಟ್‌ಗೆ ಅಂತ ಬೇರೆ ಪೈಥಾನ್ ಜಾಗ) ಮಾಡ್ಕೊಳ್ಳಿ, ಸಿಸ್ಟಮ್ ಸೈಟ್ ಪ್ಯಾಕೇಜಸ್ ಆಪ್ಷನ್ ಕೊಟ್ಟು ಮಾಡಿದ್ರೆ ಓಎಸ್ ಜೊತೆ ಬಂದಿರೋ ಪೈಕ್ಯಾಮೆರಾ 2 ಕೂಡ ಒಳಗೆ ಕಾಣುತ್ತೆ.

ಪೈ ಮತ್ತೆ ಮೈಕ್ರೋಕಂಟ್ರೋಲರ್ (ಊನೋ, ಇಎಸ್‌ಪಿ32 ಥರದ ಬೋರ್ಡ್) ಮಧ್ಯೆ ಮಾತುಕತೆಗೆ ಏನು ಬಳಸೋದು ಅಂತ ಪ್ರತಿ ಟೀಮೂ ಕೇಳುತ್ತೆ. ನನ್ನ ಉತ್ತರ ಪೈಸೀರಿಯಲ್ (ಸೀರಿಯಲ್ ಪೋರ್ಟಲ್ಲಿ ಮಾತಾಡೋ ಪೈಥಾನ್ ಲೈಬ್ರರಿ), ಯುಎಸ್‌ಬಿ ಕೇಬಲ್, ಒಂದು ಸಾಲಲ್ಲಿ ಒಂದು ಕಮಾಂಡ್, ಕೊನೇಲಿ ನ್ಯೂಲೈನ್. ಬೈನರಿ ಪ್ಯಾಕೆಟ್ಟು, ಚೆಕ್‌ಸಮ್ಮು ಎಲ್ಲ ಆಮೇಲೆ ನೋಡ್ಕೊಳ್ಳಿ, ಮೊದಲು ಕಣ್ಣಿಗೆ ಕಾಣೋ ಅಕ್ಷರದಲ್ಲಿ ಕಳಿಸಿ, ಆಗ ಪೈ ಕಿತ್ತು ಲ್ಯಾಪ್‌ಟಾಪ್ ಸಿಕ್ಕಿಸಿ ಸೀರಿಯಲ್ ಮಾನಿಟರ್‌ನಲ್ಲಿ ಕೈಯಾರೆ ಟೈಪ್ ಮಾಡಿ ಚಕ್ರ ತಿರುಗಿಸ್ಬಹುದು, ತಪ್ಪು ಯಾವ ಕಡೆ ಇದೆ ಅಂತ ತಕ್ಷಣ ಗೊತ್ತಾಗುತ್ತೆ. ಸ್ವಲ್ಪ ಹೊತ್ತು ಕಮಾಂಡ್ ಬರದಿದ್ರೆ ಮೋಟರ್ ನಿಲ್ಲಿಸೋ ಎರಡು ಸಾಲು ಬೋರ್ಡ್ ಕಡೆ ಇರಲೇಬೇಕು, ಇಲ್ಲಾಂದ್ರೆ ಪೈಥಾನ್ ಕ್ರ್ಯಾಶ್ ಆದ ದಿನ ರೋಬೋ ಗೋಡೆ ಹುಡುಕ್ಕೊಂಡು ಹೋಗುತ್ತೆ.

ಸೀರಿಯಲ್‌ಗೂ ಅದರದ್ದೇ ಆದ ಕಿರಿಕಿರಿಗಳಿವೆ. ಪೋರ್ಟ್ ಓಪನ್ ಮಾಡಿದ ಕ್ಷಣ ಊನೋ ರೀಸೆಟ್ ಆಗುತ್ತೆ, ಬೂಟ್‌ಲೋಡರ್ ಮುಗಿಯೋವರೆಗೂ ಕಳಿಸಿದ್ದೆಲ್ಲ ಗಾಳಿಗೆ, ಹಾಗಾಗಿ ಓಪನ್ ಮಾಡಿ ಎರಡು ಸೆಕೆಂಡ್ ಕಾದು ಆಮೇಲೆ ಶುರು ಮಾಡಿ. ಲಿನಕ್ಸ್‌ನಲ್ಲಿ ನಿಮ್ಮ ಯೂಸರ್ ಡಯಲ್‌ಔಟ್ ಗ್ರೂಪ್‌ನಲ್ಲಿ ಇರಬೇಕು. ಉಬುಂಟು (ಒಂದು ಬಗೆಯ ಲಿನಕ್ಸ್) 22.04ರಲ್ಲಿ ಸಿಎಚ್340 ಅನ್ನೋ ಯುಎಸ್‌ಬಿ ಚಿಪ್ ಇರೋ ಬೋರ್ಡ್ ಸಿಕ್ಕಿಸಿದ್ರೆ ಪೋರ್ಟೇ ಕಾಣದೆ ಮಾಯ ಆಗುತ್ತೆ, ಯಾಕಂದ್ರೆ ಬ್ರೈಲ್ ಡಿಸ್‌ಪ್ಲೇಗೆ ಅಂತ ಇರೋ ಬಿಆರ್‌ಎಲ್‌ಟಿಟಿವೈ ಅನ್ನೋ ಸರ್ವೀಸು ಅದನ್ನ ತನ್ನದೇ ಡಿವೈಸ್ ಅಂದ್ಕೊಂಡು ಹಿಡ್ಕೊಂಡ್ಬಿಡುತ್ತೆ, ಆ ಪ್ಯಾಕೇಜ್ ತೆಗೆದ್ರೆ ಸರಿಹೋಗುತ್ತೆ. ಲೈಡಾರ್ (ಲೇಸರಲ್ಲಿ ಸುತ್ತಲಿನ ದೂರ ಅಳೆಯೋ ಸೆನ್ಸರ್) ಮತ್ತೆ ಇಎಸ್‌ಪಿ32 ಎರಡೂ ಸಿಕ್ಕಿಸಿದಾಗ ಯಾವ್ದು ಯುಎಸ್‌ಬಿ 0, ಯಾವ್ದು ಯುಎಸ್‌ಬಿ 1 ಅನ್ನೋದು ಪ್ರತಿ ಬೂಟ್‌ಗೂ ಅದಲುಬದಲು ಆಗ್ಬಹುದು, ಯುಡೆವ್ ರೂಲ್ (ಡಿವೈಸ್‌ಗೆ ಬದಲಾಗದ ಹೆಸರು ಕೊಡೋ ಲಿನಕ್ಸ್ ಸೆಟ್ಟಿಂಗ್) ಬರೆದು ಹೆಸರು ಕಟ್ಟಿಡಿ.

ಈಗ ದೊಡ್ಡಣ್ಣನ ವಿಷ್ಯ, ರಾಸ್. ಹೆಸರಲ್ಲಿ ಆಪರೇಟಿಂಗ್ ಸಿಸ್ಟಮ್ ಅಂತ ಇದ್ರೂ ಇದು ಓಎಸ್ ಅಲ್ಲ, ಬೇರೆ ಬೇರೆ ಪ್ರೋಗ್ರಾಂಗಳು (ನೋಡ್‌ಗಳು) ಹೆಸರಿಟ್ಟ ದಾರಿಗಳಲ್ಲಿ (ಟಾಪಿಕ್) ಒಂದಕ್ಕೊಂದು ಮೆಸೇಜ್ ಕಳಿಸ್ಕೊಳ್ಳೋ ವ್ಯವಸ್ಥೆ, ಅದರ ಸುತ್ತ ಬೆಳೆದಿರೋ ದೊಡ್ಡ ಟೂಲ್‌ಗಳ ರಾಶಿ. ಬೇಕಾ ಬೇಡ್ವಾ ಅನ್ನೋಕೆ ನನ್ನ ಲೆಕ್ಕ ಹೀಗೆ: ರೋಬೋದಲ್ಲಿ ಲೈಡಾರ್ ಇದೆ, ಮ್ಯಾಪ್ ಮಾಡ್ಬೇಕು, ತಾನೇ ದಾರಿ ಹುಡುಕ್ಕೊಂಡು ಹೋಗ್ಬೇಕು, ಇಲ್ಲಾ ಐದಾರು ಜಾಯಿಂಟ್ ಇರೋ ಆರ್ಮ್ ಗೋಡೆಗೆ ಬಡೀದೆ ವಸ್ತು ಎತ್ತಬೇಕು ಅಂದ್ರೆ ರಾಸ್ 2 ಹಾಕಿ, ಯಾಕಂದ್ರೆ ಮ್ಯಾಪ್ ಮಾಡೋ ಸ್ಲ್ಯಾಮ್ ಟೂಲ್‌ಬಾಕ್ಸ್, ದಾರಿ ಹುಡುಕೋ ನ್ಯಾವ್ 2, ಆರ್ಮ್ ನಡೆಸೋ ಮೂವ್‌ಇಟ್ 2 ಇವನ್ನೆಲ್ಲ ನೀವೇ ಬರೆಯೋಕೆ ಕೂತ್ರೆ ಡಿಗ್ರಿ ಮುಗಿದ್ರೂ ಮುಗಿಯಲ್ಲ. ಇವ್ಯಾವೂ ಇಲ್ಲ, ಒಂದು ಕ್ಯಾಮೆರಾ ಎರಡು ಮೋಟರ್ ಅಷ್ಟೇ ಅಂದ್ರೆ ನೂರು ಸಾಲಿನ ಒಂದು ಪೈಥಾನ್ ಫೈಲು ಅದಕ್ಕಿಂತ ಸಾವಿರ ಪಾಲು ಮೇಲು.

ಹಾಕೋದು ಅಂತ ಆದ್ರೆ ವರ್ಷನ್ ಮೊದಲು ತೀರ್ಮಾನ ಮಾಡಿ, ಲ್ಯಾಪ್‌ಟಾಪ್‌ಗೆ ಉಬುಂಟು ಹಾಕೋಕೂ ಮೊದಲು. ರಾಸ್ 1ರ ಕೊನೇ ವರ್ಷನ್ ನೋಯೆಟಿಕ್, ಅದರ ಸಪೋರ್ಟ್ 2025ರ ಮೇ ತಿಂಗಳಿಗೆ ಮುಗೀತು, ಹೊಸ ಪ್ರಾಜೆಕ್ಟ್‌ಗೆ ಅದರ ಹತ್ರ ಹೋಗ್ಬೇಡಿ. ರಾಸ್ 2ರ ಹಂಬಲ್ ವರ್ಷನ್ ಬೇಕಂದ್ರೆ ಉಬುಂಟು 22.04, ಅದಕ್ಕೆ 2027ರ ಮೇವರೆಗೆ ಸಪೋರ್ಟ್. ಜಾಝಿ ಬೇಕಂದ್ರೆ ಉಬುಂಟು 24.04, 2029ರ ಮೇವರೆಗೆ. ಈ ಜೋಡಿ ತಪ್ಪಿಸಿದ್ರೆ ಸೋರ್ಸಿಂದ ಬಿಲ್ಡ್ ಮಾಡ್ಬೇಕಾಗುತ್ತೆ, ಆ ದಾರಿಗೆ ಇಳಿದ ಸ್ಟೂಡೆಂಟ್ ಟೀಮು ರೋಬೋ ಮರೆತು ಬಿಲ್ಡ್ ಎರರ್ ಓದ್ತಾನೇ ಸೆಮಿಸ್ಟರ್ ಮುಗಿಸುತ್ತೆ. ಪೈ 5 ಇದ್ರೆ ಜಾಝಿ, ಯಾಕಂದ್ರೆ ಪೈ 5ಕ್ಕೆ ಉಬುಂಟು 22.04 ಬರಲ್ಲ. ಪೈ 4 ಇದ್ದು, ಕೈಲಿರೋ ಲೈಡಾರ್ ಡ್ರೈವರ್ ಹಂಬಲ್‌ಗೆ ಮಾತ್ರ ಇದೆ ಅಂದ್ರೆ ಹಂಬಲ್. ಹೊಸದು ಹಳೇದು ಅಂತ ನೋಡ್ಬೇಡಿ, ನಿಮ್ಮ ಸೆನ್ಸರ್‌ನ ಡ್ರೈವರ್ ಯಾವ್ದರಲ್ಲಿ ಇದೆ ಅಂತ ನೋಡಿ.

ರಾಸ್ 2ರಲ್ಲಿ ನನಗೆ ನಿಜಕ್ಕೂ ಬೆಲೆಬಾಳೋದು ಅನ್ಸೋದು ನೋಡೋ ಟೂಲ್‌ಗಳು. ಆರ್‌ವಿಝ್‌ನಲ್ಲಿ ರೋಬೋಗೆ ಜಗತ್ತು ಹೇಗೆ ಕಾಣ್ತಿದೆ ಅಂತ ನಮಗೂ ಕಾಣುತ್ತೆ, ಲೈಡಾರ್ ತಲೆಕೆಳಗಾಗಿ ಕೂರಿಸಿದ್ದೀವಿ ಅನ್ನೋದು ಒಂದು ನೋಟಕ್ಕೆ ಗೊತ್ತಾಗುತ್ತೆ. ಬ್ಯಾಗ್ (ಓಡಿದಾಗಿನ ಮೆಸೇಜ್‌ಗಳ ಫೈಲ್) ರೆಕಾರ್ಡ್ ಮಾಡಿಟ್ಕೊಂಡ್ರೆ ಒಂದು ಸಲ ಓಡಿಸಿದ ಡೇಟಾನ ರೂಮಲ್ಲಿ ಕೂತು ಎಷ್ಟು ಸಲ ಬೇಕಾದ್ರೂ ವಾಪಸ್ ಆಡಿಸಿ ಅಲ್ಗಾರಿದಮ್ ತಿದ್ದಬಹುದು, ಬ್ಯಾಟರಿ ಖರ್ಚಿಲ್ಲ. ಪ್ಲಾಟ್‌ಜಗ್ಲರ್ ಅಂತ ಒಂದಿದೆ, ಟಾಪಿಕ್ ಎಳೆದು ಬಿಟ್ರೆ ಗ್ರಾಫ್, ಕೊಟ್ಟ ಸ್ಪೀಡು ಬಂದ ಸ್ಪೀಡು ಒಂದರ ಮೇಲೊಂದು ಕಾಣುತ್ತೆ, ಪಿಐಡಿ ಟ್ಯೂನ್ ಮಾಡೋರು ಇದಿಲ್ಲದೆ ಹೇಗೆ ಬದುಕಿದ್ರೋ ಗೊತ್ತಿಲ್ಲ. ರಾಸ್ ಇಲ್ಲದೆ ಬರೀ ಸಿಎಸ್‌ವಿ ಫೈಲ್ ಕೊಟ್ರೂ ತೋರಿಸುತ್ತೆ.

ತೊಂದರೆ ಕೊಡೋದು ಕೆಳಗಿನ ನೆಟ್‌ವರ್ಕ್ ಪದರ. ರಾಸ್ 2 ಡಿಡಿಎಸ್ ಅನ್ನೋ ಮೆಸೇಜ್ ವ್ಯವಸ್ಥೆ ಮೇಲೆ ನಿಂತಿದೆ, ಎಲ್ಲರನ್ನೂ ಪರಿಚಯ ಮಾಡಿಸ್ತಿದ್ದ ಹಳೇ ಕಾಲದ ರಾಸ್‌ಕೋರ್ ಇಲ್ಲ, ನೋಡ್‌ಗಳು ಮಲ್ಟಿಕಾಸ್ಟ್‌ನಲ್ಲಿ (ಒಂದೇ ಸಲ ಹಲವರಿಗೆ ಕೂಗಿ) ಒಂದನ್ನೊಂದು ತಾವೇ ಹುಡುಕ್ಕೊಳ್ತವೆ. ಕೇಳೋಕೆ ಚೆಂದ, ಆದ್ರೆ ಎಷ್ಟೋ ಕ್ಯಾಂಪಸ್ ವೈಫೈಗಳಲ್ಲಿ ಮಲ್ಟಿಕಾಸ್ಟ್ ಬಂದ್ ಮಾಡಿರ್ತಾರೆ, ಪಿಂಗ್ ಹೋಗುತ್ತೆ, ಟಾಪಿಕ್ ಮಾತ್ರ ಕಾಣಲ್ಲ. ಟೀಮ್‌ಗೆ ಅಂತ ಒಂದು ಸ್ವಂತ ರೌಟರ್ ಇಟ್ಕೊಳ್ಳಿ, ಅದೇ ಸುಲಭ. ಅದೇ ರೂಮಲ್ಲಿ ಎರಡು ಟೀಮ್ ಒಂದೇ ನೆಟ್‌ವರ್ಕಲ್ಲಿ ಇದ್ರೆ ಇನ್ನೂ ಮಜಾ, ಎಲ್ಲರ ಡೊಮೇನ್ ಐಡಿ (ಟೀಮ್‌ಗಳ ಮೆಸೇಜ್ ಬೇರೆ ಬೇರೆ ಇಡೋ ನಂಬರ್) ಡಿಫಾಲ್ಟ್ ಆಗಿ 0 ಇರೋದ್ರಿಂದ ಇವರು ಜಾಯ್‌ಸ್ಟಿಕ್ ತಳ್ಳಿದ್ರೆ ಅವರ ರೋಬೋ ಓಡುತ್ತೆ. ಪ್ರತಿ ಟೀಮೂ ಬೇರೆ ನಂಬರ್ ಇಟ್ಕೊಳ್ಳಿ, 0 ಇಂದ 101ರ ಒಳಗೆ ಯಾವ್ದಾದ್ರೂ.

ಕ್ಯೂಓಎಸ್ ಅಂತ ಇನ್ನೊಂದಿದೆ, ಮೆಸೇಜ್ ಎಷ್ಟು ಖಾತ್ರಿಯಾಗಿ ತಲುಪಬೇಕು ಅನ್ನೋ ಸೆಟ್ಟಿಂಗ್. ಎಷ್ಟೋ ಸೆನ್ಸರ್ ಡ್ರೈವರ್‌ಗಳು ಬೆಸ್ಟ್ ಎಫರ್ಟ್ (ತಲುಪಿದ್ರೆ ತಲುಪ್ತು) ಅಂತ ಕಳಿಸ್ತವೆ, ನೀವು ಬರೆದ ಸಬ್‌ಸ್ಕ್ರೈಬರ್ ಡಿಫಾಲ್ಟ್ ಆಗಿ ರಿಲಯಬಲ್ (ತಪ್ಪದೆ ಬರಲೇಬೇಕು) ಕೇಳುತ್ತೆ, ಇಬ್ಬರಿಗೂ ಒಪ್ಪಂದ ಆಗಲ್ಲ, ಡೇಟಾ ಬರಲ್ಲ. ಟಾಪಿಕ್ ಲಿಸ್ಟಲ್ಲಿ ಹೆಸರು ಕಾಣುತ್ತೆ, ಕಾಲ್‌ಬ್ಯಾಕ್ ಮಾತ್ರ ಯಾವತ್ತೂ ಓಡಲ್ಲ. ಟಾಪಿಕ್ ಇನ್ಫೋಗೆ ವರ್ಬೋಸ್ ಹಾಕಿ ನೋಡಿದ್ರೆ ಎರಡೂ ಕಡೆಯ ಸೆಟ್ಟಿಂಗ್ ಎದುರುಬದುರು ಕಾಣುತ್ತೆ, ಇದು ಗೊತ್ತಿದ್ರೆ ಐದು ನಿಮಿಷದ ಕೆಲಸ, ಗೊತ್ತಿಲ್ಲದಿದ್ರೆ ಇಡೀ ವಾರಾಂತ್ಯ. ಕ್ಯಾಮೆರಾ ಚಿತ್ರನ ವೈಫೈಲಿ ಹಾಗೇ ಕಳಿಸೋಕೂ ಹೋಗ್ಬೇಡಿ, ಲೆಕ್ಕ ಹಾಕಿ ನೋಡಿ, 640x480 ಕಲರ್ ಫ್ರೇಮು 9,21,600 ಬೈಟ್, ಸೆಕೆಂಡ್‌ಗೆ 30 ಅಂದ್ರೆ 27 ಎಂಬಿ ದಾಟುತ್ತೆ, ಅಂದ್ರೆ 220 ಮೆಗಾಬಿಟ್ ಮೇಲೆ, ಯಾವ ರೌಟರ್ ತಡ್ಕೊಳ್ಳುತ್ತೆ ಹೇಳಿ. ಕಂಪ್ರೆಸ್ಡ್ ಟಾಪಿಕ್ ಬಳಸಿ. ಮತ್ತೆ ಪೈ ಮತ್ತು ಲ್ಯಾಪ್‌ಟಾಪ್ ಗಡಿಯಾರ ಒಂದೇ ಇರಬೇಕು, ಇಂಟರ್ನೆಟ್ ಇಲ್ಲದ ರೌಟರಲ್ಲಿ ಪೈ ಟೈಮ್ ಹಿಂದೆ ಬೀಳುತ್ತೆ, ಆಗ ರೋಬೋ ಭಾಗಗಳು ಎಲ್ಲೆಲ್ಲಿವೆ ಅಂತ ಲೆಕ್ಕ ಇಡೋ ಟಿಎಫ್ ಎಕ್ಸ್‌ಟ್ರಾಪೊಲೇಷನ್ ಅಂತ ಎರರ್ ಸುರಿಯೋಕೆ ಶುರು ಮಾಡುತ್ತೆ, ಗಡಿಯಾರ ಹೊಂದಿಸೋ ಕ್ರೋನಿ ಹಾಕಿ ಲ್ಯಾಪ್‌ಟಾಪನ್ನೇ ಟೈಮ್ ಸರ್ವರ್ ಮಾಡ್ಕೊಂಡ್ರೆ ಸಾಕು.

ಮೈಕ್ರೋ-ರಾಸ್ ಬೇಕಾ ಅಂತಲೂ ಕೇಳ್ತಾರೆ. ಇಎಸ್‌ಪಿ32ವೇ ರಾಸ್ ನೋಡ್ ಆಗುತ್ತೆ, ಐಡಿಯಾ ಸೊಗಸಾಗಿದೆ, ಆದ್ರೆ ಪೈ ಕಡೆ ಏಜೆಂಟ್ (ಮಧ್ಯೆ ಮೆಸೇಜ್ ದಾಟಿಸೋ ಪ್ರೋಗ್ರಾಂ) ಓಡ್ತಿರ್ಬೇಕು, ಬೋರ್ಡ್ ಕಡೆ ಲೈಬ್ರರಿ ಬಿಲ್ಡ್ ರಾಸ್ ವರ್ಷನ್‌ಗೆ ಹೊಂದಬೇಕು, ಕೆಟ್ಟಾಗ ನೋಡೋಕೆ ಇನ್ನೊಂದು ಜಾಗ ಹೆಚ್ಚಾಯ್ತು. ಮೊದಲ ಪ್ರಾಜೆಕ್ಟ್‌ಗೆ ಮೇಲೆ ಹೇಳಿದ ಸೀರಿಯಲ್ಲೇ ಸಾಕು, ಪೈಥಾನ್‌ನಲ್ಲಿ ಒಂದು ಚಿಕ್ಕ ನೋಡ್ ಬರೆದು ಸ್ಪೀಡ್ ಕಮಾಂಡ್ ಟಾಪಿಕ್‌ನ ಆ ಸಾಲುಗಳಿಗೆ ಬದಲಾಯಿಸಿದ್ರೆ ಆಯ್ತು.

ಸಿಮ್ಯುಲೇಟರ್‌ಗಳಲ್ಲಿ (ರೋಬೋನ ಕಂಪ್ಯೂಟರ್ ಒಳಗೇ ಓಡಿಸಿ ನೋಡೋ ಸಾಫ್ಟ್‌ವೇರ್) ಗಜೀಬೋ ಹೆಸರಿನ ಗೊಂದಲ ಮೊದಲು ಬಿಡಿಸ್ಕೊಳ್ಳಿ. ಹಳೇ ಗಜೀಬೋ ಕ್ಲಾಸಿಕ್ 11ಕ್ಕೆ ನಿಂತು 2025ರ ಜನವರಿಯಲ್ಲಿ ಸಪೋರ್ಟ್ ಮುಗೀತು. ಹೊಸದಾಗಿ ಬರೆದದ್ದಕ್ಕೆ ಇಗ್ನಿಷನ್ ಅಂತ ಹೆಸರಿಟ್ಟಿದ್ರು, 2022ರಲ್ಲಿ ಅದನ್ನೇ ಮತ್ತೆ ಗಜೀಬೋ ಅಂತ ಕರೆದ್ರು. ಹಾಗಾಗಿ ನೆಟ್ಟಲ್ಲಿ ಗಜೀಬೋ ಅಂತ ಹುಡುಕಿದ್ರೆ ಎರಡು ಬೇರೆ ಸಾಫ್ಟ್‌ವೇರ್‌ನ ಉತ್ತರ ಬೆರಕೆ ಆಗಿ ಬರುತ್ತೆ, ಒಂದರ ಪ್ಲಗಿನ್ ಇನ್ನೊಂದರಲ್ಲಿ ಓಡಲ್ಲ. ಹಂಬಲ್ ಜೊತೆ ಫೋರ್ಟ್ರೆಸ್, ಜಾಝಿ ಜೊತೆ ಹಾರ್ಮೋನಿಕ್, ಇದು ಸರಿಯಾದ ಜೋಡಿ. ರಾಸ್ ಜೊತೆ ಗಟ್ಟಿ ಸಂಬಂಧ ಇರೋದು ಇದಕ್ಕೇ, ಆದ್ರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಏದುಸಿರು ಬಿಡುತ್ತೆ.

ನನ್ನ ಓಟು ವೆಬಾಟ್ಸ್‌ಗೆ, ಅದೂ ಹೊಸಬರಿದ್ರೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಇನ್‌ಸ್ಟಾಲ್ ಒತ್ತಿದ್ರೆ ಬರುತ್ತೆ, 2018ರ ಕೊನೆಯಿಂದ ಓಪನ್ ಸೋರ್ಸ್, ತಯಾರಿರೋ ರೋಬೋ ಮಾಡೆಲ್‌ಗಳು ಬೇಕಾದಷ್ಟಿವೆ, ಕಂಟ್ರೋಲರ್ ಪೈಥಾನ್‌ನಲ್ಲೇ ಬರೀಬಹುದು, ರಾಸ್ 2 ಬೇಕಂದ್ರೆ ಅದಕ್ಕೂ ಸೇತುವೆ ಇದೆ. ಕೊಪೇಲಿಯಾಸಿಮ್ ಕೂಡ ಆರ್ಮ್‌ಗಳಿಗೆ ಚೆನ್ನಾಗಿದೆ, ಓದೋರಿಗೆ ಉಚಿತ ಎಡಿಷನ್ ಇದೆ, ಹಳೇ ಪೇಪರ್‌ಗಳಲ್ಲಿ ವಿ-ರೆಪ್ ಅಂತ ಕಂಡ್ರೆ ಅದು ಇದೇ. ಯಾವ್ದೇ ಆಗ್ಲಿ, ಸಿಮ್ಯುಲೇಟರ್‌ನಲ್ಲಿ ಚಕ್ರ ನಿಜದ ಥರ ಜಾರಲ್ಲ, ಬ್ಯಾಟರಿ ನಿಜದ ಥರ ಇಳಿಯಲ್ಲ, ಅಲ್ಲಿ ಟ್ಯೂನ್ ಮಾಡಿದ ನಂಬರ್ ನೆಲದ ಮೇಲೆ ಹಾಗೇ ನಡೆಯುತ್ತೆ ಅಂದ್ಕೋಬೇಡಿ, ಲಾಜಿಕ್ ಟೆಸ್ಟ್ ಮಾಡೋಕೆ ಮಾತ್ರ ಬಳಸಿ.

ಕ್ಯಾಮೆರಾ ಕೆಲಸಕ್ಕೆ ಓಪನ್‌ಸಿವಿ, ಇದರಲ್ಲಿ ಎರಡು ಮಾತಿಲ್ಲ. ಚಿತ್ರ ಬಿಜಿಆರ್ (ನೀಲಿ, ಹಸಿರು, ಕೆಂಪು) ಕ್ರಮದಲ್ಲಿ ಬರುತ್ತೆ, ಕೆಂಪು ಚೆಂಡು ಹುಡುಕೋ ರೋಬೋ ನೀಲಿ ಚೆಂಡಿನ ಹಿಂದೆ ಓಡಿದ್ರೆ ಇದೇ ಕಾರಣ. ಓಪನ್‌ಸಿವಿ ಪೈಥಾನ್ ಮತ್ತೆ ಅದರ ಕಾಂಟ್ರಿಬ್ ಪ್ಯಾಕೇಜ್ ಎರಡನ್ನೂ ಒಟ್ಟಿಗೆ ಹಾಕ್ಬೇಡಿ, ಒಂದೇ ಹೆಸರಿನ ಫೋಲ್ಡರ್‌ಗೆ ಎರಡೂ ಬರೆದು ಕಿತ್ತಾಡ್ತವೆ. ಲೆಕ್ಕದ ಲೈಬ್ರರಿ ನಂಪೈ 2.0 2024ರಲ್ಲಿ ಬಂತು, ಹಂಬಲ್‌ನ ಸಿವಿ ಬ್ರಿಡ್ಜ್ (ರಾಸ್ ಚಿತ್ರನ ಓಪನ್‌ಸಿವಿಗೆ ಬದಲಾಯಿಸೋದು) ಹಳೇ ನಂಪೈಗೆ ಕಂಪೈಲ್ ಆಗಿರೋದು, ಪಿಪ್ಪಲ್ಲಿ ಬೇರೇನೋ ಹಾಕೋವಾಗ ನಂಪೈ ಮೇಲೇರಿದ್ರೆ ಕ್ಯಾಮೆರಾ ನೋಡ್ ಬಿದ್ದೋಗುತ್ತೆ, 2ಕ್ಕಿಂತ ಕೆಳಗೆ ಇರ್ಲಿ ಅಂತ ಕಟ್ಟಿಹಾಕಿ.

ಮತ್ತೆ ಒಂದು ಸಲಹೆ, ಜಾಗ ಗುರುತಿಸೋಕೆ, ಡಾಕ್ ಹುಡುಕೋಕೆ, ಡಬ್ಬ ಎತ್ತೋಕೆ ಅಂತ ತಕ್ಷಣ ನ್ಯೂರಲ್ ನೆಟ್‌ವರ್ಕ್‌ಗೆ ಹಾರ್ಬೇಡಿ. ಅರುಕೋ ಇಲ್ಲಾ ಏಪ್ರಿಲ್‌ಟ್ಯಾಗ್ ಮಾರ್ಕರ್ (ಕಪ್ಪು-ಬಿಳಿ ಚೌಕದ ಗುರುತು) ಪ್ರಿಂಟ್ ಹೊಡೆದು ಅಂಟಿಸಿದ್ರೆ ಎಷ್ಟು ದೂರ, ಯಾವ ಕೋನ ಎರಡೂ ಸಿಗುತ್ತೆ, ಪೈ ಮೇಲೂ ಸರಾಗ ಓಡುತ್ತೆ, ಕ್ಯಾಮೆರಾ ಕ್ಯಾಲಿಬ್ರೇಷನ್ ಒಂದು ಸರಿಯಾಗಿ ಮಾಡ್ಕೊಂಡಿರ್ಬೇಕು ಅಷ್ಟೇ. ವಸ್ತುಗಳನ್ನ ನಿಜಕ್ಕೂ ಗುರುತಿಸಲೇಬೇಕು ಅಂದ್ರೆ ಅಲ್ಟ್ರಾಲಿಟಿಕ್ಸ್‌ನ ಯೋಲೋ ಬಳಸೋಕೆ ತುಂಬ ಸುಲಭ, ಕೆಲವೇ ಸಾಲಿನ ಕೋಡು. ಅದರ ಲೈಸೆನ್ಸ್ ಎಜಿಪಿಎಲ್ 3.0 (ನಿಮ್ಮ ಕೋಡನ್ನೂ ತೆರೆದಿಡಬೇಕು ಅನ್ನೋ ಥರದ್ದು), ಕ್ಲಾಸ್ ಪ್ರಾಜೆಕ್ಟ್‌ಗೆ ಚಿಂತೆಯಿಲ್ಲ, ಇದನ್ನೇ ಮುಂದೆ ಸ್ಟಾರ್ಟಪ್ ಮಾಡ್ತೀವಿ ಅನ್ನೋ ಕನಸಿದ್ರೆ ಈಗಲೇ ಓದ್ಕೊಳ್ಳಿ. ಪೈ ಪ್ರೊಸೆಸರ್ ಮೇಲೆ ದೊಡ್ಡ ಮಾಡೆಲ್ ಹಾಕಿ ಫ್ರೇಮ್ ರೇಟ್ ಇಲ್ಲ ಅಂತ ಗೋಳಾಡೋದಕ್ಕಿಂತ ನ್ಯಾನೋ ಸೈಜಿಂದು ತಗೊಂಡು ಎನ್‌ಸಿಎನ್‌ಎನ್ ಇಲ್ಲಾ ಲೈಟ್‌ಆರ್‌ಟಿ ಫಾರ್ಮ್ಯಾಟ್‌ಗೆ ಎಕ್ಸ್‌ಪೋರ್ಟ್ ಮಾಡಿ. ಲೈಟ್‌ಆರ್‌ಟಿ ಅಂದ್ರೆ ಹಳೇ ಟೆನ್ಸರ್‌ಫ್ಲೋ ಲೈಟೇ, 2024ರಲ್ಲಿ ಹೆಸರು ಬದಲಾಯ್ತು.

ವಿಂಡೋಸ್ ಲ್ಯಾಪ್‌ಟಾಪ್‌ನವರು ಡಬ್ಲ್ಯೂಎಸ್‌ಎಲ್ 2ರಲ್ಲಿ (ವಿಂಡೋಸ್ ಒಳಗೇ ಓಡೋ ಲಿನಕ್ಸ್) ರಾಸ್ ಓಡಿಸ್ಬಹುದು, ಕಲಿಯೋಕೆ ಸಾಕು, ಆದ್ರೆ ಯುಎಸ್‌ಬಿ ಡಿವೈಸ್ ತಾನಾಗೇ ಒಳಗೆ ಬರಲ್ಲ, ಯುಎಸ್‌ಬಿಐಪಿಡಿ ಅನ್ನೋದನ್ನ ಹಾಕಿ ಒಳಗೆ ತಳ್ಳಬೇಕು, ರೋಬೋ ಮೇಲೆ ನಿಜವಾದ ಕೆಲಸಕ್ಕೆ ಡ್ಯುಯಲ್ ಬೂಟೇ ವಾಸಿ. ಡಾಕರ್ (ಬೇಕಾದ ಸಾಫ್ಟ್‌ವೇರ್ ಎಲ್ಲ ಒಂದೇ ಡಬ್ಬಿಲಿ ಕಟ್ಟಿಕೊಡೋ ಟೂಲ್) ಗೊತ್ತಿರೋರು ಒಬ್ಬರು ಟೀಮಲ್ಲಿದ್ರೆ ಬಳಸಿ, ಯಾರಿಗೂ ಗೊತ್ತಿಲ್ಲ ಅಂದ್ರೆ ಈ ಪ್ರಾಜೆಕ್ಟಲ್ಲೇ ಕಲಿಯೋಕೆ ಹೋಗ್ಬೇಡಿ. ಗಿಟ್ ಬಗ್ಗೆ ರಿವ್ಯೂ ಬರೆಯೋದು ಏನಿದೆ, ಬಳಸಿ ಅಷ್ಟೇ, ಫೈನಲ್ ಫೈನಲ್ 2 ಅಂತ ಜಿಪ್ ಫೈಲ್ ವಾಟ್ಸಾಪಲ್ಲಿ ಕಳಿಸ್ಬೇಡಿ.

ಕೊನೇದಾಗಿ ಎಐ ಚಾಟ್‌ಗಳು ಬರೆದುಕೊಡೋ ಕೋಡು, ಈಗ ಅದೂ ಒಂದು ಟೂಲೇ ಅಲ್ವಾ. ಸೀರಿಯಲ್ ಪಾರ್ಸರ್, ಗ್ರಾಫ್ ಹಾಕೋ ಸ್ಕ್ರಿಪ್ಟ್, ಎರರ್ ಮೆಸೇಜ್ ಅರ್ಥ ಮಾಡ್ಕೊಳ್ಳೋದು, ಇಂಥದ್ದಕ್ಕೆ ಚೆನ್ನಾಗಿದೆ. ಆದ್ರೆ ಅವು ಕಲಿತಿರೋದು ಹಳೇದು ಹೊಸದು ಎಲ್ಲ ಸೇರಿರೋ ನೆಟ್ಟಿಂದ, ಹಾಗಾಗಿ ರಾಸ್ 2 ಕೇಳಿದ್ರೂ ಒಂದೊಂದ್ಸಲ ರಾಸ್ 1ರ ಕೋಡ್ ಬೆರೆಸಿ ಕೊಡ್ತವೆ. ಕೇಳೋವಾಗಲೇ ಉಬುಂಟು ಎಷ್ಟು, ರಾಸ್ ಯಾವ್ದು, ಪೈ ಎಷ್ಟನೇದು, ಇಎಸ್‌ಪಿ32 ಕೋರ್ ಎಷ್ಟು, ಓಪನ್‌ಸಿವಿ ಎಷ್ಟು ಅಂತ ಪೂರ್ತಿ ಬರೆದು ಕೇಳಿ. ಬಂದ ಕೋಡ್‌ನಲ್ಲಿ ಇಂಪೋರ್ಟ್ ಸಾಲುಗಳನ್ನ ಮೊದಲು ಓದಿ, ಅಲ್ಲಿ ಆರ್‌ಸಿಎಲ್‌ಪೈ (ರಾಸ್ 2ರದ್ದು) ಬದಲು ರಾಸ್‌ಪೈ (ರಾಸ್ 1ರದ್ದು) ಇದ್ರೆ, ಪೈ 5ಕ್ಕೆ ಆರ್‌ಪಿಐ ಜಿಪಿಐಓ ಇದ್ರೆ, ನಿಮ್ಮ ಓಪನ್‌ಸಿವಿ 4.7 ಇಲ್ಲಾ ಅದಕ್ಕಿಂತ ಹೊಸದಿದ್ದೂ ಅರುಕೋಗೆ 4.7ರಲ್ಲಿ ಬಂದ ಅರುಕೋ ಡಿಟೆಕ್ಟರ್ ಕ್ಲಾಸ್ ಇಲ್ಲದೆ ಹಳೇ ಫಂಕ್ಷನ್ ಕರೀತಿದ್ರೆ, ಓಡಿಸಿ ನೋಡೋ ಕಷ್ಟಾನೂ ತಗೋಬೇಡಿ, ವಾಪಸ್ ಕಳಿಸಿ ಇನ್ನೊಂದ್ಸಲ ಕೇಳಿ.